‘ಇಂದೇ ಕೊನೆ ದಿನ’: ಯಾವ ಇಂದು?

‘ಇಂದೇ ಕೊನೆ ದಿನ, ಬೇಗ ಅರ್ಜಿ ಹಾಕಿ, ಗೆಳೆಯರಿಗೂ ಶೇರ್ ಮಾಡಿ.’ ಉದ್ಯೋಗ ಮಾಹಿತಿಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಇರುವವರಿಗೆಲ್ಲ ಈ ಸಾಲು ಬಾಯಿಪಾಠ. ಆದರೆ ಅದರಲ್ಲಿರುವ ‘ಇಂದು’ ಯಾವ ಇಂದು? ಮೊದಲು ಬರೆದವರ ಇಂದೋ, ಎರಡು ದಿನ ಬಿಟ್ಟು ಫಾರ್ವರ್ಡ್ ಮಾಡಿದವರ ಇಂದೋ, ಅಥವಾ ಕಳಸದ ಆಚೆಗಿನ ಹಳ್ಳಿಯಲ್ಲಿ ನಾಲ್ಕು ದಿನ ನೆಟ್‌ವರ್ಕ್ ಇಲ್ಲದೆ ಐದನೇ ದಿನ ಫೋನು ಒಂದೇ ಸಮನೆ ಟಿಂಗ್ ಟಿಂಗ್ ಎಂದಾಗ ಓದಿದವರ ಇಂದೋ? ಫಾರ್ವರ್ಡ್ ಆಗಿ ಬಂದ ಸಂದೇಶಕ್ಕೆ ಹುಟ್ಟಿದ ದಿನಾಂಕವೇ ಇರುವುದಿಲ್ಲ. ಕೈಗೆ ಬಂದ ದಿನವಷ್ಟೇ ಕಾಣುತ್ತದೆ.

ನಮ್ಮ ಸಂಬಂಧದ ಅಕ್ಕ ಒಬ್ಬಳು ಡಿಗ್ರಿ ಮುಗಿಸಿ ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ಕಳೆದ ಮಳೆಗಾಲದಲ್ಲಿ ಒಂದು ನೇಮಕಾತಿಯ ಸುದ್ದಿ ಅವಳಿಗೆ ಗ್ರೂಪಿನಿಂದ ತಿಳಿಯಿತು. ಮಳೆ ಹಿಡಿದಿತ್ತು, ಕರೆಂಟ್ ಇರಲಿಲ್ಲ. ಟವರಿನ ಬ್ಯಾಟರಿ ಮುಗಿದರೆ ನಮ್ಮ ಕಡೆ ಫೋನು ಬರೀ ಟಾರ್ಚ್. ಪೇಟೆಗೆ ಬಂದು ಸೈಬರ್ ಸೆಂಟರಿನಲ್ಲಿ ಕೂತಾಗ ಅರ್ಜಿಯ ಪುಟ ಮುಚ್ಚಿತ್ತು. ಅಧಿಸೂಚನೆ ಜಾಲತಾಣಕ್ಕೆ ಬಂದು ಮೂರು ವಾರದ ಮೇಲಾಗಿತ್ತು. ‘ಅಲ್ಲಿ ಅಷ್ಟು ದಿನದಿಂದ ಇತ್ತಂತೆ ಪುಟ್ಟ, ನನಗೆ ಹೇಳೋರು ಯಾರು?’ ಎಂದಳು. ಜಾಲತಾಣದವರು ಹಾಕಬೇಕಾದುದನ್ನು ಹಾಕಿದ್ದರು. ಗ್ರೂಪಿನವರು ತಮಗೆ ಸಿಕ್ಕಾಗ ಕಳಿಸಿದ್ದರು. ನಡುವಿನ ಮೂರು ವಾರ ಎಲ್ಲಿ ಹೋಯಿತು ಎಂಬುದಕ್ಕೆ ಮಾತ್ರ ಯಾರೂ ಲೆಕ್ಕ ಕೊಡಬೇಕಾಗಿಲ್ಲ.

ಆ ನಡುವಿನ ದಾರಿಯನ್ನು ಮುಚ್ಚುವ ತಂತ್ರಜ್ಞಾನ 1999ರಿಂದಲೂ ಇದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಹೆಸರು ವೆಬ್ ಫೀಡ್. ಹಳಬರಿಗೆ ಆರ್‌ಎಸ್‌ಎಸ್ ಎಂದರೆ ಗೊತ್ತಾಗಬಹುದು. ನನ್ನ ವಯಸ್ಸಿನವರಲ್ಲಿ ಹತ್ತು ಜನರನ್ನು ಕೇಳಿದರೆ, ಕಂಪ್ಯೂಟರ್ ಸೈನ್ಸ್ ಓದುವವರನ್ನೂ ಸೇರಿಸಿ, ಒಬ್ಬರೋ ಇಬ್ಬರೋ ‘ಹೆಸರು ಕೇಳಿದ್ದೇನೆ’ ಎನ್ನುತ್ತಾರೆ.

ಅದೇನೂ ಬ್ರಹ್ಮವಿದ್ಯೆಯಲ್ಲ. ಜಾಲತಾಣವೊಂದು ನಮಗೆ ಕಾಣುವ ಪುಟಗಳ ಜೊತೆಗೆ ಒಂದು ಸಣ್ಣ ಕಡತವನ್ನೂ ಇಟ್ಟಿರುತ್ತದೆ. ಇತ್ತೀಚಿನ ಹತ್ತಿಪ್ಪತ್ತು ಬರಹಗಳ ಶೀರ್ಷಿಕೆ, ಕೊಂಡಿ, ಪ್ರಕಟವಾದ ದಿನಾಂಕ ಮತ್ತು ಸಮಯ, ಒಂದೆರಡು ಸಾಲಿನ ಸಾರಾಂಶ ಅದರಲ್ಲಿರುತ್ತವೆ. ಚಿತ್ರ ಇಲ್ಲ, ಜಾಹೀರಾತು ಇಲ್ಲ, ಕುಣಿಯುವ ಬಣ್ಣದ ಅಕ್ಷರ ಇಲ್ಲ. ನಮ್ಮ ಫೋನಿನಲ್ಲಿ ಫೀಡ್ ರೀಡರ್ ಎಂಬ ಆ್ಯಪ್ ಇದ್ದರೆ, ನಾವು ಹೇಳಿದ ಜಾಲತಾಣಗಳ ಈ ಕಡತವನ್ನು ಅದು ಆಗಾಗ ಹೋಗಿ ನೋಡಿಕೊಂಡು ಬರುತ್ತದೆ. ಹೊಸದು ಬಂದಿದ್ದರೆ ತರುತ್ತದೆ. ಬಂದಿಲ್ಲದಿದ್ದರೆ, ಸರಿಯಾಗಿ ಹೊಂದಿಸಿದ ಸರ್ವರ್ 304 ಎಂಬ ಸಂಖ್ಯೆ ಕಳಿಸಿ ಸುಮ್ಮನಾಗುತ್ತದೆ. ನಮಗೆಲ್ಲ ಪರಿಚಯವಿರುವ 404ರ ಅಣ್ಣ ಇದು. ‘ಏನೂ ಬದಲಾಗಿಲ್ಲ, ಹೋಗಿ ಬಾ’ ಎಂದು ಅರ್ಥ. ಈ ಮಾತುಕತೆಗೆ ತೀರಾ ಕಡಿಮೆ ಡೇಟಾ ಸಾಕು. ಅದೇ ಮಾಹಿತಿಗಾಗಿ ಜಾಲತಾಣದ ಮುಖಪುಟವನ್ನೇ ತೆರೆದರೆ ಎರಡು ಮೂರು ಎಂಬಿ ಇಳಿಯಬೇಕು. ಕೊಟ್ಟಿಗೆಹಾರದ ಮಂಜಿನಲ್ಲಿ ಫೋನಿನ ಮೂಲೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಈ ವ್ಯತ್ಯಾಸ ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ. ಒಂದು ಬರುತ್ತದೆ, ಇನ್ನೊಂದು ತಿರುಗುತ್ತಲೇ ಇರುತ್ತದೆ.

ಫೀಡ್ ಎಂಬ ಪದವೇ ಈಗ ಕೈತಪ್ಪಿ ಹೋಗಿದೆ. 2006ರಲ್ಲಿ ಫೇಸ್‌ಬುಕ್ ತನ್ನ ನ್ಯೂಸ್ ಫೀಡ್ ಶುರು ಮಾಡಿತು. ಆಮೇಲೆ ಇನ್‌ಸ್ಟಾಗ್ರಾಂ ಬಂತು, ರೀಲ್ಸ್ ಬಂತು. ಇವತ್ತು ಫೀಡ್ ಎಂದರೆ ಬೆರಳಾಡಿಸಿದಷ್ಟೂ ಮುಗಿಯದ ಆ ಪಟ್ಟಿ. ಕನ್ನಡದಲ್ಲಿ ಈ ಪದಕ್ಕೆ ಮೇವು ಎಂಬ ಅರ್ಥವೂ ಇದೆಯಲ್ಲ, ದನ ಸಾಕಿದ ಮನೆಯವರಿಗೆ ಎರಡರ ವ್ಯತ್ಯಾಸ ಬೇಗ ಹೊಳೆಯುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿದ ದನ ಮುಂದೆ ಬಿದ್ದದ್ದನ್ನು ತಿನ್ನುತ್ತದೆ. ಗುಡ್ಡಕ್ಕೆ ಬಿಟ್ಟದ್ದು ತನಗೆ ಬೇಕಾದ ಹುಲ್ಲು ಹುಡುಕುತ್ತದೆ. ಹಳೆಯ ಅರ್ಥದ ಫೀಡಿನಲ್ಲಿ ಏನು ಬರಬೇಕು ಎಂದು ಪಟ್ಟಿ ಮಾಡುವವರು ನಾವು. ಬಂದದ್ದು ಬಂದ ಕ್ರಮದಲ್ಲಿ, ಹೊಸದು ಮೇಲೆ ಹಳೆಯದು ಕೆಳಗೆ, ಅಷ್ಟೇ. ‘ನಿಮಗೆ ಇಷ್ಟವಾಗಬಹುದು’ ಎಂದು ಮೂಗು ತೂರಿಸುವವರು ಯಾರೂ ಇಲ್ಲ. ಮತ್ತು ಒಂದು ಹಂತದಲ್ಲಿ ಪಟ್ಟಿ ಮುಗಿಯುತ್ತದೆ. ಇದು ಸಣ್ಣ ಸಂಗತಿ ಎನಿಸಬಹುದು. ಪರೀಕ್ಷೆಯ ಹಿಂದಿನ ರಾತ್ರಿ ಫೋನು ಹಿಡಿದವರನ್ನು ಕೇಳಿ ನೋಡಿ.

ಇದನ್ನು ಕಟ್ಟಿದವರ ಕತೆಯಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೆ ಎರಡು ಹೆಸರು ಮುಖ್ಯ. 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿಯಿಂದ ಮೊದಲ ಆವೃತ್ತಿ ಬಂದಾಗ ಅದರ ಹಿಂದೆ ಇದ್ದವರಲ್ಲಿ ಒಬ್ಬರು ರಾಮನಾಥನ್ ಗುಹಾ, ಐಐಟಿ ಮದ್ರಾಸ್‌ನಲ್ಲಿ ಓದಿದವರು. ಮರುವರ್ಷ ಆರ್‌ಎಸ್‌ಎಸ್ 1.0 ಆವೃತ್ತಿಯನ್ನು ರೂಪಿಸಿದ ಗುಂಪಿನಲ್ಲಿ ಆ್ಯರನ್ ಸ್ವಾರ್ಟ್ಜ್ ಎಂಬ ಹುಡುಗನಿದ್ದ. ಆಗ ಅವನಿಗೆ 14 ವರ್ಷ. ಡೇವ್ ವೈನರ್ 2002ರಲ್ಲಿ ಆರ್‌ಎಸ್‌ಎಸ್ 2.0 ತಂದರು, 2005ರಲ್ಲಿ ಆ್ಯಟಮ್ ಎಂಬ ಇನ್ನೊಂದು ಮಾದರಿ ಅಧಿಕೃತವಾಯಿತು. ಎರಡರ ನಡುವಿನ ಜಗಳದ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯಾವ ರೀಡರ್ ಆದರೂ ಎರಡನ್ನೂ ಓದುತ್ತದೆ.

ಕನ್ನಡದಲ್ಲೂ ಇದಕ್ಕೊಂದು ಒಳ್ಳೆಯ ಕಾಲವಿತ್ತು. 2000ರ ದಶಕದ ಕೊನೆಯಲ್ಲಿ ಕನ್ನಡದಲ್ಲಿ ಬ್ಲಾಗ್ ಬರೆಯುವವರು ಊರೂರಲ್ಲಿ ಹುಟ್ಟಿಕೊಂಡಿದ್ದರು. ಸಂಪದ, ಅವಧಿ, ಕೆಂಡಸಂಪಿಗೆಯಂಥ ತಾಣಗಳನ್ನು ನಮ್ಮ ಮೇಷ್ಟ್ರುಗಳ ತಲೆಮಾರು ದಿನವೂ ಓದುತ್ತಿತ್ತು. ಗೂಗಲ್ ರೀಡರ್ ಎಂಬ ಉಚಿತ ಸೇವೆಯಲ್ಲಿ ಇಷ್ಟದ ಬ್ಲಾಗುಗಳನ್ನೆಲ್ಲ ಒಂದೆಡೆ ಸೇರಿಸಿಕೊಂಡು ಬೆಳಗಿನ ಕಾಫಿಯ ಜೊತೆ ಓದುತ್ತಿದ್ದೆ ಎಂದು ನನ್ನ ಉಪನ್ಯಾಸಕರೊಬ್ಬರು ಈಗಲೂ ಹೇಳುತ್ತಾರೆ. 2013ರ ಜುಲೈ 1ರಂದು ಗೂಗಲ್ ಅದನ್ನು ಮುಚ್ಚಿತು. ಓದುಗರು ಫೇಸ್‌ಬುಕ್ಕಿಗೆ ಹೋದರು, ಬರೆಯುವವರೂ ಅವರ ಹಿಂದೆ ಹೋದರು. ಆಮೇಲೆ ‘ಆರ್‌ಎಸ್‌ಎಸ್ ಸತ್ತಿತು’ ಎಂಬ ಮಾತು ಹುಟ್ಟಿತು. ಮುಚ್ಚಿದ್ದು ಒಂದು ಅಂಗಡಿ, ಆ ರಸ್ತೆ ಹಾಗೇ ಇದೆ. ಇವತ್ತು ನೀವು ‘ತಲೆ ಹರಟೆ’ಯಂಥ ಕನ್ನಡ ಪಾಡ್‌ಕಾಸ್ಟ್ ಕೇಳಿದರೆ ಅದರ ಹೊಸ ಕಂತು ನಿಮ್ಮ ಪಾಡ್‌ಕಾಸ್ಟ್ ಆ್ಯಪಿಗೆ ಬರುವುದು ಇದೇ ಆರ್‌ಎಸ್‌ಎಸ್ ಕಡತದ ಮೂಲಕ. ಹೆಸರು ತಿಳಿಯದೆಯೇ ಲಕ್ಷಾಂತರ ಜನ ಅದನ್ನು ಬಳಸುತ್ತಿದ್ದಾರೆ.

ಶುರು ಮಾಡುವುದು ಹೇಗೆ ಎಂದು ಕೇಳುವವರಿಗೆ: ಆಂಡ್ರಾಯ್ಡ್ ಫೋನಿಗೆ ‘ಫೀಡರ್’ ಎಂಬ ಮುಕ್ತ ತಂತ್ರಾಂಶದ ಆ್ಯಪ್ ಇದೆ, ಖಾತೆ ತೆರೆಯುವುದೂ ಬೇಕಿಲ್ಲ. ಐಫೋನ್ ಇರುವ ಭಾಗ್ಯವಂತರಿಗೆ ನೆಟ್‌ನ್ಯೂಸ್‌ವೈರ್. ಕಾಲೇಜಿನ ಲ್ಯಾಬಿನಲ್ಲಿ ಥಂಡರ್‌ಬರ್ಡ್ ಇದ್ದರೆ ಮೇಲ್ ಓದುವ ಅದರೊಳಗೇ ಫೀಡ್ ಓದಬಹುದು. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಪಟ್ಟಿ ಬೇಕೆಂದರೆ ಫೀಡ್ಲಿ, ಇನೊರೀಡರ್‌ನಂಥ ಸೇವೆಗಳ ಉಚಿತ ಖಾತೆ ಸಾಕು. ಆಮೇಲೆ ಇಷ್ಟದ ಜಾಲತಾಣದ ವಿಳಾಸವನ್ನು ಅದರಲ್ಲಿ ಅಂಟಿಸಿ. ಫೀಡ್ ಇದ್ದರೆ ಹೆಚ್ಚಿನ ರೀಡರ್‌ಗಳು ತಾವೇ ಪತ್ತೆ ಹಚ್ಚುತ್ತವೆ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣವಾದರೆ ವಿಳಾಸದ ಕೊನೆಗೆ ಒಂದು ಸ್ಲ್ಯಾಶ್ ಹಾಕಿ ಇಂಗ್ಲಿಷ್ ಅಕ್ಷರಗಳಲ್ಲಿ ಫೀಡ್ ಎಂದು ಸೇರಿಸಿದರೆ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಕನ್ನಡದ ಎಷ್ಟೋ ಸಣ್ಣ ತಾಣಗಳು ವರ್ಡ್‌ಪ್ರೆಸ್‌ನಲ್ಲೇ ಇವೆ. ತಮ್ಮ ತಾಣಕ್ಕೆ ಫೀಡ್ ಇದೆ ಎಂಬುದು ಅವುಗಳನ್ನು ನಡೆಸುವವರಿಗೇ ಗೊತ್ತಿರುವುದಿಲ್ಲ!

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನೇರ ಉಪಯೋಗ ಇದೆ. ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆಗಳನ್ನು ಹೊರಡಿಸುವ ಪಿಐಬಿಗೆ ಫೀಡ್ ಇದೆ. ರಿಸರ್ವ್ ಬ್ಯಾಂಕ್ ತನ್ನ ಪ್ರಕಟಣೆ, ಸುತ್ತೋಲೆ, ಭಾಷಣಗಳಿಗೆ ಬೇರೆ ಬೇರೆ ಫೀಡ್ ಕೊಟ್ಟಿದೆ. ಬ್ಯಾಂಕಿಂಗ್ ಪರೀಕ್ಷೆಯ ಪ್ರಚಲಿತ ವಿದ್ಯಮಾನವನ್ನು ಯಾರೋ ಮಾರುವ ಪಿಡಿಎಫ್‌ನಿಂದ ಓದುವುದಕ್ಕಿಂತ ಮೂಲದಿಂದಲೇ ಓದುವುದು ಮೇಲು. ಯೂಟ್ಯೂಬಿನ ಪ್ರತಿಯೊಂದು ಚಾನೆಲ್‌ಗೂ ಒಳಗೊಳಗೇ ಒಂದು ಫೀಡ್ ಇರುತ್ತದೆ. ಹಾಗಾಗಿ ಎನ್‌ಪಿಟಿಇಎಲ್ ಪಾಠಗಳನ್ನು ಮಾತ್ರ ಪಟ್ಟಿಗೆ ಹಾಕಿಕೊಂಡು, ಪಕ್ಕದಲ್ಲಿ ಕಣ್ಣು ಹೊಡೆಯುವ ಕ್ರಿಕೆಟ್ ಹೈಲೈಟ್ಸ್‌ನಿಂದ ಪಾರಾಗಬಹುದು. ಪ್ರೋಗ್ರಾಮಿಂಗ್ ಮಾಡುವವರು ಗಿಟ್‌ಹಬ್‌ನಲ್ಲಿ ತಾವು ಬಳಸುವ ತಂತ್ರಾಂಶದ ಹೊಸ ಆವೃತ್ತಿ ಬಂತೇ ಎಂದು ಹೀಗೇ ನೋಡಿಕೊಳ್ಳಬಹುದು. ಕನ್ನಡ ವಿಕಿಪೀಡಿಯದ ಇತ್ತೀಚಿನ ಬದಲಾವಣೆಗಳ ಪುಟಕ್ಕೂ ಫೀಡ್ ಇದೆ.

ಇನ್ನೊಂದು ಉದಾಹರಣೆ ನಮ್ಮ ಗುಡ್ಡದವರಿಗೆ ಹೆಚ್ಚು ಹತ್ತಿರದ್ದು. 2019ರ ಆಗಸ್ಟ್‌ ಮಳೆಯನ್ನು ಮೂಡಿಗೆರೆ ತಾಲ್ಲೂಕಿನವರು ಯಾರೂ ಮರೆತಿಲ್ಲ. ಗುಡ್ಡ ಜರಿದು ತೋಟಗಳೇ ಕೊಚ್ಚಿಹೋದವು, ಮಲೆಮನೆ, ಮಧುಗುಂಡಿಯಂಥ ಊರುಗಳ ಜನ ಮನೆ ಬಿಟ್ಟರು, ಚಾರ್ಮಾಡಿ ಘಾಟಿ ಮುಚ್ಚಿತು. ಅಂಥ ಹೊತ್ತಿನಲ್ಲಿ ಮೂರು ವರ್ಷ ಹಳೆಯ ವಿಡಿಯೊ ‘ಈಗಷ್ಟೇ ನಡೆದದ್ದು’ ಎಂದು ಓಡಾಡುವುದನ್ನು ನಾವೆಲ್ಲ ಪ್ರತಿ ಮಳೆಗಾಲ ನೋಡುತ್ತೇವೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಪೋರ್ಟಲ್ ಈಗ ಮಳೆ, ಸಿಡಿಲು, ಪ್ರವಾಹದ ಎಚ್ಚರಿಕೆಗಳನ್ನು ಫೀಡ್ ರೂಪದಲ್ಲೂ ಕೊಡುತ್ತಿದೆ. ಯಾರು ಹೊರಡಿಸಿದರು, ಎಷ್ಟು ಗಂಟೆಗೆ, ಯಾವ ಪ್ರದೇಶಕ್ಕೆ, ಎಷ್ಟು ಹೊತ್ತಿನವರೆಗೆ ಎಂಬ ವಿವರವೆಲ್ಲ ಎಚ್ಚರಿಕೆಯ ಜೊತೆಗೇ ಇರುತ್ತದೆ. ಅಂದರೆ ಸರ್ಕಾರಕ್ಕೆ ಈ ತಂತ್ರ ಗೊತ್ತಿಲ್ಲ ಎಂದೇನಿಲ್ಲ.

ಗೊತ್ತಿದ್ದ ಮೇಲೆ ನೇಮಕಾತಿಗೆ ಯಾಕಿಲ್ಲ? ನನ್ನ ತಕರಾರು ಇಲ್ಲಿದೆ. ನಾನು ನೋಡಿದ ಮಟ್ಟಿಗೆ, ಉದ್ಯೋಗಾಕಾಂಕ್ಷಿಗಳು ದಿನವೂ ಎಡತಾಕುವ ಹಲವು ನೇಮಕಾತಿ ಮತ್ತು ಪರೀಕ್ಷಾ ಜಾಲತಾಣಗಳಲ್ಲಿ ಸಿಗುವುದು ಮುಖಪುಟದಲ್ಲಿ ಕೆಳಗಿನಿಂದ ಮೇಲಕ್ಕೆ ಹರಿಯುವ ಒಂದು ಪಟ್ಟಿ, ಪಕ್ಕದಲ್ಲಿ ಮಿನುಗುವ ‘ನ್ಯೂ’ ಎಂಬ ಕೆಂಪು ಗುರುತು. ಆರು ತಿಂಗಳ ಹಿಂದಿನದಕ್ಕೂ ಅದೇ ‘ನ್ಯೂ’ ಮಿನುಗುತ್ತಿರುತ್ತದೆ. ಒತ್ತಿದರೆ ಒಂದು ಪಿಡಿಎಫ್. ಫಲಿತಾಂಶದ ದಿನ, ಕೊನೆಯ ದಿನ ತಾಣವೇ ತೆರೆಯುವುದಿಲ್ಲ, ಏಕೆಂದರೆ ಹೊಸದು ಬಂದಿದೆಯೇ ಎಂದು ನೋಡಲು ಲಕ್ಷ ಜನ ಪದೇ ಪದೇ ರಿಫ್ರೆಶ್ ಒತ್ತುತ್ತಿರುತ್ತಾರೆ. ಅಷ್ಟೂ ಜನರ ಬದಲು ಅವರ ರೀಡರ್‌ಗಳು ಸಣ್ಣ ಕಡತವೊಂದನ್ನು ಕೇಳಿದ್ದರೆ ಸರ್ವರ್‌ಗೂ ಉಸಿರಾಡಲು ಬಿಡುವು ಸಿಗುತ್ತಿತ್ತು.

ಈ ಖಾಲಿ ಜಾಗದಲ್ಲೇ ಟೆಲಿಗ್ರಾಂ ಚಾನೆಲ್‌ಗಳು, ಯೂಟ್ಯೂಬಿನ ‘ಬಂಪರ್ ನೇಮಕಾತಿ’ ವಿಡಿಯೊಗಳು ಬೆಳೆದಿವೆ. ಎಲ್ಲರೂ ಮೋಸಗಾರರಲ್ಲ, ಶ್ರದ್ಧೆಯಿಂದ ನಡೆಸುವವರೂ ಇದ್ದಾರೆ. ಆದರೆ ಅವರ ಹೊಟ್ಟೆಪಾಡು ನಮ್ಮ ಕ್ಲಿಕ್ಕಿನಲ್ಲಿದೆ. ಇಲ್ಲದ ಹುದ್ದೆಗೆ ಅರ್ಜಿ ಶುಲ್ಕ ಕಟ್ಟಿಸಿಕೊಳ್ಳುವ ನಕಲಿ ತಾಣಗಳ ಬಗ್ಗೆ ಪಿಐಬಿಯ ಫ್ಯಾಕ್ಟ್ ಚೆಕ್ ವಿಭಾಗ ಮತ್ತೆ ಮತ್ತೆ ಎಚ್ಚರಿಸುತ್ತಲೇ ಇದೆ. ಎಚ್ಚರಿಕೆ ಒಳ್ಳೆಯದೇ. ಆದರೆ ಅಸಲಿ ಸುದ್ದಿ ನೇರವಾಗಿ ನಮ್ಮ ಫೋನಿಗೆ ಬರುವ ದಾರಿಯಿದ್ದರೆ ನಕಲಿಗೆ ಇಷ್ಟು ಗಿರಾಕಿ ಇರುತ್ತಿರಲಿಲ್ಲ. ಫೀಡಿಗೆ ನಾವೇ ಒಮ್ಮೆ ಅಧಿಕೃತ ತಾಣದ ವಿಳಾಸ ಕೊಟ್ಟಿರುತ್ತೇವೆ. ಬೇರೆಯವರು ಅದರಲ್ಲಿ ತಮ್ಮದೊಂದು ಸಂದೇಶ ತುರುಕಬೇಕೆಂದರೆ ಆ ತಾಣವನ್ನೇ ಭೇದಿಸಬೇಕಾಗುತ್ತದೆ.

ಕಾಫಿ ರೇಟಿನ ವಿಷಯದಲ್ಲೂ ಇದೇ ಗೋಳು. ಕಾಫಿ ಮಂಡಳಿ ತನ್ನ ತಾಣದಲ್ಲಿ ದಿನದ ಮಾರುಕಟ್ಟೆ ಮಾಹಿತಿ ಹಾಕುತ್ತದೆ, ಆದರೆ ನಮ್ಮಪ್ಪನಿಗೆ ಅದು ತಲುಪುವುದು ಬೆಳೆಗಾರರ ಗ್ರೂಪಿನಲ್ಲಿ, ಯಾರೋ ತೆಗೆದ ಸ್ಕ್ರೀನ್‌ಶಾಟ್ ಆಗಿ, ದಿನಾಂಕದ ಭಾಗ ಕತ್ತರಿಸಿ ಹೋಗಿ. ‘ಇದು ನಿನ್ನೇದೋ ಇವತ್ತಿಂದೋ?’ ಎಂದು ಅಪ್ಪ ಕೇಳುತ್ತಾರೆ. ರೊಬಸ್ಟಾ ಚೆರಿಯ 50 ಕೆ.ಜಿ. ಚೀಲಕ್ಕೆ ಒಂದೇ ದಿನದಲ್ಲಿ ನೂರಾರು ರೂಪಾಯಿ ಏರಿಳಿಯುವ ಕಾಲದಲ್ಲಿ ಆ ಪ್ರಶ್ನೆಗೆ ಬೆಲೆ ಇದೆ.

ಬರೀ ದೂರುತ್ತ ಕೂರುವುದೇಕೆ ಎಂದು ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ಮೂವರು ಇದನ್ನೇ ಎತ್ತಿಕೊಂಡೆವು. ಫೀಡ್ ಇಲ್ಲದ ತಾಣಗಳಿಗೆ ನಾವೇ ಫೀಡ್ ಮಾಡಿಕೊಡುವುದು. ಪೈಥಾನ್‌ನಲ್ಲಿ ನೂರು ಚಿಲ್ಲರೆ ಸಾಲಿನ ಪ್ರೋಗ್ರಾಂ. ಅದು ಪ್ರಕಟಣೆಗಳ ಪುಟ ತೆರೆದು, ಹೊಸ ಕೊಂಡಿಗಳನ್ನು ಹಳೆಯ ಪಟ್ಟಿಯೊಂದಿಗೆ ಹೋಲಿಸಿ, ಹೆಚ್ಚಿಗೆ ಕಂಡದ್ದನ್ನು ಫೀಡ್ ಕಡತಕ್ಕೆ ಸೇರಿಸುತ್ತದೆ. ದಿನಕ್ಕೆ ಎರಡು ಸಲ ಗಿಟ್‌ಹಬ್ ತಾನೇ ಅದನ್ನು ಓಡಿಸುತ್ತದೆ, ಪೈಸೆ ಖರ್ಚಿಲ್ಲ. ಇಂಥದ್ದನ್ನೇ ಮಾಡುವ ‘ಆರ್‌ಎಸ್‌ಎಸ್ ಬ್ರಿಡ್ಜ್’ ಎಂಬ ಮುಕ್ತ ತಂತ್ರಾಂಶವೂ ಇದೆ, ಆದರೆ ಕಲಿಯುವ ಆಸೆಗೆ ನಾವೇ ಬರೆದೆವು. ಪದೇ ಪದೇ ಕೇಳಿ ಆ ತಾಣಗಳಿಗೆ ಹೊರೆಯಾಗಬಾರದೆಂದೇ ಎರಡು ಸಲಕ್ಕೆ ಮಿತಿ.

ಕೆಲಸ ಸಿಕ್ಕಿಬಿದ್ದದ್ದು ಪಿಡಿಎಫ್ ಹತ್ತಿರ. ಅರ್ಜಿಯ ಕೊನೆಯ ದಿನಾಂಕವನ್ನು ಒಳಗಿನಿಂದ ಹೆಕ್ಕಿ ಶೀರ್ಷಿಕೆಯಲ್ಲೇ ತೋರಿಸೋಣ ಎಂದುಕೊಂಡಿದ್ದೆವು. ಕೆಲವು ಪಿಡಿಎಫ್‌ಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ವಕ್ರವಾಗಿ ಬೇರೆ. ಇನ್ನು ಕೆಲವನ್ನು ಹಳೆಯ, ಯುನಿಕೋಡ್ ಅಲ್ಲದ ಕನ್ನಡ ಫಾಂಟ್‌ಗಳಲ್ಲಿ ಟೈಪ್ ಮಾಡಿರುತ್ತಾರೆ. ಕಣ್ಣಿಗೆ ಅಚ್ಚ ಕನ್ನಡ, ಕಾಪಿ ಮಾಡಿದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಇಂಥ ಅಧಿಸೂಚನೆ ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಓದಿ ಹೇಳುವುದೂ ಇಲ್ಲ. ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ನೆಟ್ಟಗಾಗಬೇಕು ಎಂದು ತಲೆ ಕೆಡಿಸಿಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಅವರು ತೀರಿಕೊಂಡದ್ದು 2007ರಲ್ಲಿ. ಈಗ ಪ್ರತಿ ಫೋನಿನಲ್ಲೂ ಯುನಿಕೋಡ್ ಕನ್ನಡ ಬಂದಿದೆ, ಕಚೇರಿಯ ಪಿಡಿಎಫ್‌ಗೆ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಫೀಡ್‌ಗೂ ಮಿತಿಗಳಿವೆ. ನಮಗೆ ಗೊತ್ತೇ ಇಲ್ಲದ ತಾಣವನ್ನು ಅದು ತೋರಿಸುವುದಿಲ್ಲ. ಆ ಕೆಲಸಕ್ಕೆ ಗೆಳೆಯರು, ಗ್ರಂಥಾಲಯ, ಈ ಪತ್ರಿಕೆಯೇ ಬೇಕು. ಶುರುವಿನ ಹುಮ್ಮಸ್ಸಿನಲ್ಲಿ ನೂರು ತಾಣ ಸೇರಿಸಿದರೆ ವಾರದಲ್ಲಿ ‘ಓದದೆ ಉಳಿದದ್ದು 2000’ ಎಂದು ತೋರಿಸಿ ಹೆದರಿಸುತ್ತದೆ. ನನ್ನ ಪಟ್ಟಿಯಲ್ಲಿ 27 ಇವೆ, ಅದೇ ಹೆಚ್ಚು ಎನಿಸುತ್ತದೆ. ದಿನಕ್ಕೆ ಐವತ್ತು ಸುದ್ದಿ ಹಾಕುವ ತಾಣಗಳಿಗೆ ಫೀಡ್ ಹೇಳಿಸಿದ್ದಲ್ಲ, ಅವಕ್ಕೆ ಬೆಳಗಿನ ಪೇಪರೇ ಸರಿ. ತಿಂಗಳಿಗೆ ಒಂದೇ ಒಂದು ಪ್ರಕಟಣೆ ಹಾಕುವ, ಆದರೆ ಆ ಒಂದನ್ನು ತಪ್ಪಿಸಿಕೊಂಡರೆ ವರ್ಷವೇ ಹೋಗುವ ತಾಣಗಳಿವೆಯಲ್ಲ, ಅಲ್ಲಿಯೇ ಇದರ ನಿಜವಾದ ಬೆಲೆ.

ನೆಟ್‌ವರ್ಕ್ ಇಲ್ಲದ ಊರಿಗೆ ಫೀಡ್ ತಾನಾಗಿ ಹಾರಿಬರುವುದೂ ಇಲ್ಲ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ್ದು ಎಲ್ಲರಿಗೂ ನೆನಪಿದೆ. ಎಷ್ಟೋ ಊರಿನಲ್ಲಿ ಆ ಗುಡ್ಡವೇ ಇನ್ನೂ ನೆಟ್‌ವರ್ಕ್ ಪಾಯಿಂಟ್. ಟವರ್ ಬೇಕು ಎಂಬ ಬೇಡಿಕೆಗೆ ಫೀಡ್ ಪರ್ಯಾಯವಲ್ಲ. ಆದರೆ ಶನಿವಾರ ಚಿಕ್ಕಮಗಳೂರಿನಿಂದ ಊರಿಗೆ ಹೊರಟಾಗ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ಸಿಗ್ನಲ್ ಸಿಕ್ಕರೂ ವಾರದ್ದೆಲ್ಲ ಇಳಿದು ಫೋನಿನಲ್ಲಿ ಕೂರುತ್ತದೆ. ಆಮೇಲೆ ಕಳಸದ ಬಸ್ಸು ಎಷ್ಟು ತಿರುವು ತಿರುಗಿದರೂ ಓದಿಕೊಳ್ಳಬಹುದು, ಸಿಗ್ನಲ್ ಇಲ್ಲದೆಯೂ.

ನೇಮಕಾತಿ ನಡೆಸುವ ಪ್ರತಿಯೊಂದು ಸಂಸ್ಥೆ, ಪ್ರತಿಯೊಂದು ವಿಶ್ವವಿದ್ಯಾಲಯ ತನ್ನ ಪ್ರಕಟಣೆಗಳಿಗೆ ಒಂದು ಫೀಡ್ ಕೊಡಬೇಕು. ಅಧಿಸೂಚನೆಯ ಶೀರ್ಷಿಕೆಯನ್ನು ಯುನಿಕೋಡ್ ಕನ್ನಡದಲ್ಲಿ ಬರೆದು, ಅದರಲ್ಲೇ ಅರ್ಜಿಯ ಕೊನೆಯ ದಿನಾಂಕ ಹಾಕಬೇಕು. ಇದಕ್ಕೆ ಟೆಂಡರ್ ಕರೆಯಬೇಕಿಲ್ಲ, ಹೊಸ ಆ್ಯಪ್ ಬಿಡುಗಡೆ ಸಮಾರಂಭ ಬೇಕಿಲ್ಲ. ತಾಣ ನೋಡಿಕೊಳ್ಳುವ ಎಂಜಿನಿಯರ್‌ಗೆ ಒಂದು ದಿನದ ಕೆಲಸ. ನಮ್ಮ ಪ್ರಾಜೆಕ್ಟಿನ ಪ್ರೋಗ್ರಾಂ ಜೊತೆಗಿಟ್ಟು ಹೀಗೊಂದು ಮನವಿಯನ್ನು ನಾವು ಮೂವರೂ ಸಹಿ ಹಾಕಿ ನಾಲ್ಕು ಕಚೇರಿಗಳಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇವೆ. ಒಂದು ಕಡೆಯಿಂದ ಸ್ವೀಕೃತಿ ಬಂದಿದೆ. ಉಳಿದ ಮೂರರ ಉತ್ತರ ಬರುವವರೆಗೆ ನಮ್ಮ ಪೈಥಾನ್ ದಿನಕ್ಕೆ ಎರಡು ಸಲ, ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ ಏಳಕ್ಕೆ, ಆ ತಾಣಗಳ ಬಾಗಿಲು ತಟ್ಟುತ್ತಿರುತ್ತದೆ. ಅಕ್ಕನ ಫೋನಿನಲ್ಲಿ ಸದ್ಯ ಆರು ಫೀಡ್‌ಗಳಿವೆ.